ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬೇಡಿ

ಕೇಳುಗರಿಗೆ ನಮಸ್ಕಾರ. ಈ ಹೊತ್ತಿನಲ್ಲಿ ನಿಮ್ಮಲ್ಲಿ ಕೆಲವರು ಅಡುಗೆಮನೆಯಲ್ಲಿದ್ದೀರಿ, ಕೆಲವರು ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದೀರಿ. ಕೈ ಕೆಲಸ ಮಾಡಲಿ, ಕಿವಿ ಇತ್ತ ಇರಲಿ.

ಕಾಸರಗೋಡಿನ ಹಳ್ಳಿಗಳಲ್ಲಿ ವೈದ್ಯನಾಗಿ ಕೆಲಸ ಮಾಡುವ ನನ್ನ ಬಳಿ ಮರೆವಿಗೆ ಮಾತ್ರೆ ಕೇಳಿಕೊಂಡು ಬರುವವರಿದ್ದಾರೆ. ನಾನು ಮೊದಲು ಕೇಳುವುದು, ಈ ವಾರ ಎಷ್ಟು ದಿನ ಸೊಪ್ಪು ತಿಂದಿರಿ ಎಂದು. ಹಿತ್ತಿಲಲ್ಲಿ ಬಸಳೆ ಚಪ್ಪರ ಇರುವವರೂ ಉತ್ತರಿಸಲು ತಡವರಿಸುತ್ತಾರೆ!

ಮೆದುಳಿನ ತೂಕ ದೇಹದ ತೂಕದ ಶೇಕಡಾ 2 ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಅದನ್ನು ಒಯ್ಯುವುದು ರಕ್ತ. ವಯಸ್ಸಾದಂತೆ ರಕ್ತನಾಳಗಳು ಬಿಗಿಯುತ್ತವೆ. ಅವನ್ನು ಸಡಿಲಿಸುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಪ್ರಾಯ ಏರಿದಂತೆ ಈ ತಯಾರಿ ಕುಗ್ಗುತ್ತದೆ. ಆಗ ನೆರವಿಗೆ ಬರುವುದು ಸೊಪ್ಪಿನ ನೈಟ್ರೇಟ್.

ಅದು ಗೊಬ್ಬರದ ಹೆಸರಲ್ಲವೇ ಎಂದು ಕೃಷಿಕರು ಕೇಳುತ್ತಾರೆ. ಹೌದು, ಗಿಡ ಮಣ್ಣಿನ ಸಾರಜನಕವನ್ನು ಹೆಚ್ಚಾಗಿ ಆ ರೂಪದಲ್ಲೇ ಹೀರಿ ದಂಟಿನಲ್ಲಿ, ಎಲೆಯಲ್ಲಿ ಕೂಡಿಡುತ್ತದೆ. ಹರಿವೆ, ಬಸಳೆ, ಪಾಲಕ್, ಬೀಟ್‌ರೂಟ್, ಮೂಲಂಗಿ, ಎಲ್ಲದರಲ್ಲೂ ಇದೆ. ನಾವು ತಿಂದದ್ದರಲ್ಲಿ ಸುಮಾರು ಕಾಲು ಭಾಗ ರಕ್ತದಿಂದ ಮತ್ತೆ ಬಾಯಿಯ ಜೊಲ್ಲಿಗೆ ಬರುತ್ತದೆ. ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನು ನೈಟ್ರೈಟ್ ಎಂಬ ಇನ್ನೊಂದು ರೂಪಕ್ಕೆ ತಿರುಗಿಸುತ್ತವೆ. ಅದನ್ನು ನುಂಗಿದ ಮೇಲೆ ಹೊಟ್ಟೆಯಲ್ಲಿ, ರಕ್ತದಲ್ಲಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಆಮ್ಲಜನಕ ಕಡಿಮೆ ಇರುವಲ್ಲೇ ಈ ಕೆಲಸ ಹೆಚ್ಚು ನಡೆಯುತ್ತದೆ. ಎಂಥ ಚೆಂದದ ಏರ್ಪಾಡು ನೋಡಿ.

ಈಗ ನನಗೆ ಹೇಳಲೇಬೇಕಾದ ಒಂದು ಸಂಗತಿ. ನೀರ್ಚಾಲಿನ ಸಮೀಪ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಅಡುಗೆ ಚಪ್ಪರದ ಕಡೆ ಇಣುಕಿದೆ. ದೊಡ್ಡ ಉರುಳಿಯಲ್ಲಿ ಕೆಂಪು ಹರಿವೆ ದಂಟು ಬೇಯುತ್ತಿತ್ತು, ತುಂಡುಗಳು ಬೆರಳುದ್ದ. ಹದವಾದೊಡನೆ ಇಬ್ಬರು ಹುಡುಗರು ಉರುಳಿಯನ್ನು ಎತ್ತಿ, ನೀರನ್ನೆಲ್ಲ ತೆಂಗಿನ ಬುಡಕ್ಕೆ ಬಸಿಯತೊಡಗಿದರು. ದಾಸವಾಳದ ಬಣ್ಣದ ನೀರು, ಹಬೆಯಾಡುತ್ತಿತ್ತು. ನಿಲ್ಲಿಸಿ ಎಂದು ನಾನು ಕೂಗಿಯೇ ಬಿಟ್ಟೆ. ಏನೋ ಬಿದ್ದಿರಬೇಕು ಎಂದು ಅಡುಗೆ ಭಟ್ಟರು ಓಡಿ ಬಂದರು. ಬಣ್ಣ ಇಳಿದ ಹಾಗೆ ನೈಟ್ರೇಟೂ ನೀರಿಗೆ ಇಳಿಯುತ್ತದೆ, ನೀವು ಬಸಿಯುತ್ತಿರುವುದು ಔಷಧ ಎಂದೆ. ಅವರು ಕೈ ಒರೆಸಿಕೊಂಡು, ಹಾಗಾದರೆ ಸಾರಿಗೆ ಆದೀತು ಎಂದರು. ಉಳಿದ ನೀರಿಗೆ ಹುಳಿ, ಬೆಲ್ಲ, ಜೀರಿಗೆ ಬಿತ್ತು, ತುಪ್ಪದಲ್ಲಿ ಇಂಗಿನ ಒಗ್ಗರಣೆ ಬಿತ್ತು. ಪಂಕ್ತಿಯಲ್ಲಿ ಎಲ್ಲರೂ ಎರಡನೇ ಸಲ ಕೇಳಿದ್ದು ಆ ಸಾರನ್ನೇ. ತೆಂಗಿನ ಮರಕ್ಕೆ ಮರೆವಿನ ಚಿಂತೆ ಇಲ್ಲ. ನಮಗಿದೆ. ದಿನಕ್ಕೊಮ್ಮೆ ಸೊಪ್ಪು ತಿನ್ನಿ, ಬೇಯಿಸಿದ ನೀರನ್ನು ಚೆಲ್ಲಬೇಡಿ.

ಸಮಯ ಕಡಿಮೆ ಉಳಿದಿದೆ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದವರು 2010ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. 70 ದಾಟಿದ 14 ಮಂದಿಗೆ ಬೀಟ್‌ರೂಟ್ ರಸ ಸೇರಿದ, ನೈಟ್ರೇಟ್ ತುಂಬಿದ ಊಟ ಕೊಟ್ಟು ಮೆದುಳಿನ ಎಂಆರ್‌ಐ ತೆಗೆದರು. ಹಣೆಯ ಹಿಂದಿರುವ ಮುಂಭಾಗದ ಒಳಪದರಕ್ಕೆ ರಕ್ತ ಹೆಚ್ಚು ಹರಿದಿತ್ತು. ಇಂಥ ಪರೀಕ್ಷೆಗಳು ಇನ್ನೂ ನಡೆಯುತ್ತಿವೆ. ಅವು ಮುಗಿಯುವವರೆಗೆ ಕಾಯಬೇಕಾಗಿಲ್ಲ, ಹರಿವೆ ಬೀಜಕ್ಕೆ ಎಷ್ಟು ದುಡ್ಡು ಬೇಕು ಹೇಳಿ?

ಇನ್ನೊಂದು ಮಾತು. ಜಾಹೀರಾತು ನೋಡಿ, ಕೀಟಾಣು ಕೊಲ್ಲುವ ದ್ರಾವಣದಿಂದ ದಿನಾ ಬಾಯಿ ಮುಕ್ಕಳಿಸಬೇಡಿ. ನಾಲಿಗೆಯ ಆ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ತಿಂದ ಸೊಪ್ಪಿನ ಫಲ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ದಂತವೈದ್ಯರು ಹೇಳಿದ್ದರೆ ಮಾತ್ರ, ಅವರು ಹೇಳಿದಷ್ಟು ದಿನ ಬಳಸಿ.

ಹಾಲು ಕುಡಿಯುವ ಎಳೆಗೂಸಿಗೆ ಸೊಪ್ಪಿನ ನೀರಾಗಲಿ ಬೀಟ್‌ರೂಟ್ ರಸವಾಗಲಿ ಬೇಡ, ಅದರ ರಕ್ತಕ್ಕೆ ನೈಟ್ರೈಟನ್ನು ತಾಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಹರಿವೆ, ಪಾಲಕ್ ಎಷ್ಟು ತಿನ್ನಬಹುದೆಂದು ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ. ಉಳಿದವರು ಈ ಮಧ್ಯಾಹ್ನವೇ ಆರಂಭಿಸಬಹುದು. ನಮಸ್ಕಾರ.