ಕತ್ತಿನ ಗಂಟು: ಮಾತ್ರೆಗಿಂತ ಮೊದಲು ಬಯಾಪ್ಸಿ

(ಮಂಡ್ಯದಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಕತ್ತು, ಕಂಕುಳು, ತೊಡೆಸಂದುಗಳಲ್ಲಿ ನಮಗೆಲ್ಲ ದುಗ್ಧಗ್ರಂಥಿಗಳಿವೆ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಅಲ್ಲಿರುತ್ತವೆ. ಆ ಕಣಗಳಲ್ಲೇ ಹುಟ್ಟುವ ಕ್ಯಾನ್ಸರ್ ಲಿಂಫೋಮಾ. 1832ರಲ್ಲಿ ಲಂಡನ್ನಿನ ಥಾಮಸ್ ಹಾಜ್ಕಿನ್ ಇದರ ಒಂದು ಬಗೆಯನ್ನು ವಿವರಿಸಿದರು. ಈಗ ಹತ್ತಾರು ಬಗೆ ಗೊತ್ತಿವೆ. ಬಗೆ ಬೇರೆಯಾದರೆ ಔಷಧಿಯೂ ಬೇರೆ.

ನನ್ನ ಸಂಶೋಧನೆ ಬಹುಪಾಲು ಔಷಧಿಗಳದ್ದು. ಆದರೆ ರೋಗಿಗಳನ್ನು ನೋಡುತ್ತಾ ನನಗೆ ಖಚಿತವಾಗಿರುವುದು ಬೇರೆ. ನಮ್ಮ ಕಡೆ ಜಾಸ್ತಿ ನಷ್ಟ ಆಗುವುದು ಸರಿಯಾದ ಔಷಧಿ ಶುರುವಾಗುವ ಮೊದಲೇ.

ಕತ್ತಿನಲ್ಲಿ ನೋವಿಲ್ಲದ ಗಂಟು. ಬಿಟ್ಟು ಬಿಟ್ಟು ಜ್ವರ. ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು. ತೂಕ ಇಳಿಯುತ್ತಿದೆ. ಕೇಳಿದ ಕೂಡಲೇ ಟಿಬಿ ಅನ್ನಿಸುತ್ತದೆ, ಅಲ್ವಾ? ಹಾಗನ್ನಿಸುವುದು ಸಹಜ, ನಮ್ಮಲ್ಲಿ ಟಿಬಿ ಗಂಟು ಸಾಮಾನ್ಯ. ಆದರೆ ಲಿಂಫೋಮಾ ಕೂಡ ಇದೇ ಲಕ್ಷಣ ತೋರಿಸುತ್ತದೆ. ಪರೀಕ್ಷೆಯೇ ಇಲ್ಲದೆ ಸುಮ್ನೆ ಟಿಬಿ ಮಾತ್ರೆ ಶುರು ಮಾಡಿದರೆ ತಿಂಗಳುಗಟ್ಟಲೆ ಸಮಯ ಹೋಗಿಬಿಡುತ್ತದೆ.

‘ಸೂಜಿ ಪರೀಕ್ಷೆ ಸಾಕಲ್ವಾ ಡಾಕ್ಟ್ರೇ?’ ಅಂತ ಕೇಳುತ್ತಾರೆ. ಸೂಜಿಯಲ್ಲಿ ಬರುವುದು ಬಿಡಿ ಕಣಗಳು. ಗ್ರಂಥಿಯ ಒಳಗಿನ ಕಟ್ಟು ಅದರಲ್ಲಿ ಕಾಣುವುದಿಲ್ಲ. ಹಾಜ್ಕಿನ್ ಬಗೆಯಲ್ಲಂತೂ ಕ್ಯಾನ್ಸರ್ ಕಣಗಳೇ ಕಡಿಮೆ, ಸುತ್ತ ಇರುವುದೆಲ್ಲ ಸಾಮಾನ್ಯ ಕಣಗಳು. ಸೂಜಿಗೆ ಆ ಕ್ಯಾನ್ಸರ್ ಕಣಗಳು ಸಿಗದೇ ಹೋಗಬಹುದು. ಆದ್ದರಿಂದ ಸಾಧ್ಯವಿದ್ದ ಕಡೆ ಇಡೀ ಗ್ರಂಥಿಯನ್ನೇ ತೆಗೆದು ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ, ಕಳಿಸಬೇಕು. ‘ಕತ್ತಿ ಹಾಕಿದರೆ ಹರಡುತ್ತೆ’ ಎನ್ನುವ ಭಯ ಬೇಡ. ಬಯಾಪ್ಸಿಯಿಂದ ಲಿಂಫೋಮಾ ಹರಡುವುದಿಲ್ಲ.

ಇನ್ನೊಂದು ಮಾತು. ಗಂಟು ಕರಗಲಿ ಅಂತ ಬಯಾಪ್ಸಿಗೆ ಮೊದಲೇ ಸ್ಟೀರಾಯ್ಡ್ ತಿನ್ನಿಸಬೇಡಿ. ಗಂಟು ಸ್ವಲ್ಪ ದಿನ ಇಳಿಯುತ್ತದೆ, ಮನೆಯವರಿಗೆ ಸಮಾಧಾನ ಆಗುತ್ತದೆ. ಆಮೇಲೆ ತುಂಡು ತೆಗೆದರೆ ರೋಗವೇ ಸರಿಯಾಗಿ ಕಾಣದಿರಬಹುದು. ಬಯಾಪ್ಸಿ ಆದ ಮೇಲೆ ವರದಿಯ ಜೊತೆ ಮೇಣದ ಬ್ಲಾಕನ್ನೂ, ಅಂದರೆ ತೆಗೆದ ತುಂಡನ್ನು ಮೇಣದಲ್ಲಿ ಹುದುಗಿಸಿಟ್ಟ ಗಟ್ಟಿಯನ್ನೂ, ಕೇಳಿ ಪಡೆಯಿರಿ. ದೊಡ್ಡ ಆಸ್ಪತ್ರೆಯಲ್ಲಿ ಅದರಿಂದಲೇ ಮತ್ತೆ ಪರೀಕ್ಷೆ ಮಾಡಬಹುದು.

ಬ್ಲಾಕಿನಿಂದ ತೆಗೆದ ತೆಳು ಪದರದಲ್ಲಿ ಕ್ಯಾನ್ಸರ್ ಕಣಗಳ ಮೇಲೆ ಸಿಡಿ20 ಎಂಬ ಪ್ರೋಟೀನ್ ಗುರುತು ಕಂಡರೆ ರಿಟುಕ್ಸಿಮ್ಯಾಬ್ ಕೊಡಬಹುದು. ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಪಡೆದ ಔಷಧಿ ಇದು. 2007ರಿಂದ ನಮ್ಮ ದೇಶದಲ್ಲೂ ತಯಾರಾಗುತ್ತಿದೆ. ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಇಲ್ಲದಿದ್ದರೆ ಮೈಯಲ್ಲಿ ಅಡಗಿರುವ ವೈರಸ್ ಮತ್ತೆ ತಲೆ ಎತ್ತಬಹುದು. ಹಾಜ್ಕಿನ್‌ಗೆ ಕೊಡುವ ವಿನ್‌ಬ್ಲಾಸ್ಟಿನ್ ಸಿಗುವುದು ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದ. ಹಾಗಂತ ಅದರ ಎಲೆ ಅರೆದು ಕುಡಿಯಬೇಡಿ, ವಿಷ.

ಒಂದೆರಡು ಸುತ್ತು ಕೀಮೋ ಆಗುತ್ತಿದ್ದಂತೆ ಎಷ್ಟೋ ಜನರ ಗಂಟು ಕರಗುತ್ತದೆ. ಆಗ ಕಬ್ಬು ಕಟಾವಿದೆ, ಊರ ಹಬ್ಬ ಇದೆ ಅಂತ ನಿಲ್ಲಿಸಿಬಿಡುವವರಿದ್ದಾರೆ. ಗಂಟು ಕೈಗೆ ಸಿಗದಿದ್ದರೂ ರೋಗದ ಕಣಗಳು ಉಳಿದಿರಬಹುದು. ಆಶಾ ಅಕ್ಕಂದಿರೇ, ಅವರ ಮುಂದಿನ ಸುತ್ತಿನ ತಾರೀಖು ಬರೆದಿಟ್ಟುಕೊಳ್ಳಿ. ಹಿಂದಿನ ದಿನ ಒಂದು ಫೋನ್ ಮಾಡಿ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.