ಇದಕ್ಕೆ ಬಣ್ಣ ಹೊಡ್ಯೂಕೆ ಮರ್ತು ಹೋಯ್ತಾ?

ಎಲ್ಲರಿಗೂ ನಮಸ್ಕಾರ. ಆ ಮೈಕ್ ಸ್ವಲ್ಪ ಕೆಳಗೆ ಮಾಡ್ತೀರಾ, ನಾನು ಅಷ್ಟು ಎತ್ತರ ಇಲ್ಲ. ಹಾಂ, ಸಾಕು ಸಾಕು.

ಫೋನ್ ಮಾಡಿ ಕರೆದವ್ರು "ನಿಮ್ಮ ಕುಟುಂಬದ ಯಶೋಗಾಥೆ ಹೇಳಿ ಮೇಡಂ" ಅಂದ್ರು. ಯಶೋಗಾಥೆ ಅಂತೆಲ್ಲ ಎಂತದೂ ಇಲ್ಲ ಮಾರಾಯ್ರೇ. ಶಿರಸಿ ಪೇಟೆಯಿಂದ ಸ್ವಲ್ಪ ಹೊರಗೆ ಮನೆ, ಮನೆ ಹಿಂದೆ ಶೆಡ್ಡು, ಮಾವ, ಅತ್ತೆ, ನನ್ನ ಗಂಡ, ಮೈದುನ, ನಾನು, ಕೆಲಸಕ್ಕೆ ಬರೂ ಇಬ್ಬರು ಹೆಂಗಸರು, ಇಷ್ಟೇ ನಮ್ಮ ಕಂಪನಿ. ಮಾಡೂದು ಮರದ ಆಟಿಕೆ, ಅದೂ ಬಣ್ಣ ಇಲ್ಲದ್ದು. ದೋಣಿ, ತೇರು, ಎತ್ತಿನ ಗಾಡಿ, ಮಂಗಟ್ಟೆ ಹಕ್ಕಿ. ಡಬ್ಬಿಯಲ್ಲಿ ಆಟಿಕೆ ಜೊತೆ ಬಣ್ಣ, ಕುಂಚ, ನಾಕು ಮೇಣದ ಕ್ರೆಯಾನ್ ಇರ್ತದೆ, ಬಣ್ಣ ಹಚ್ಚೂದು ಮಗುವಿನ ಕೆಲಸ, ನಮ್ಮದಲ್ಲ.

ಇದನ್ನ ಮೊದಲು ಮಾರೂಕೆ ತಗೊಂಡು ಹೋಗಿದ್ದು 2018ರ ಮಾರಿಕಾಂಬಾ ಜಾತ್ರೆಗೆ. ನಿಮಗೆ ಗೊತ್ತೇ ಇದೆ, ಎರಡು ವರ್ಷಕ್ಕೊಮ್ಮೆ ಬರೂ ಜಾತ್ರೆ, ಬಿಡಕಿ ಬೈಲಿನ ಸುತ್ತ ಕಾಲಿಡೂಕೆ ಜಾಗ ಇರೂದಿಲ್ಲ. ನಮ್ಮ ಒಂದು ಬದಿಗೆ ಪ್ಲಾಸ್ಟಿಕ್ ಗನ್ನು, ಲೈಟ್ ಹತ್ತಿ ಕೂಗೂ ನಾಯಿಮರಿ, ಇನ್ನೊಂದು ಬದಿಗೆ ಬಳೆ. ನಡುವೆ ನಮ್ಮ ಟೇಬಲ್, ಅದರ ಮೇಲೆ ಬರೀ ಬಿಳಿ ಮರದ ಸಾಮಾನು, ದೂರದಿಂದ ನೋಡಿದ್ರೆ ಕೊರೆದಿಟ್ಟ ಮೂಲಂಗಿ ಥರ. ಒಬ್ಬರು ಹಿರಿಯರು ತೇರು ಎತ್ತಿ ತಿರುಗಿಸಿ ನೋಡಿ ಮಾವನ ಹತ್ರ ಕೇಳಿದ್ರು, "ಎಂತ ಆಚಾರ್ರೇ, ಇದಕ್ಕೆ ಬಣ್ಣ ಹೊಡ್ಯೂಕೆ ಮರ್ತು ಹೋಯ್ತಾ?" ಅಂತ. ಇನ್ನೊಬ್ರು ಅರ್ಧ ಕೆಲಸದ ಸಾಮಾನಿಗೆ ಅರ್ಧ ರೇಟು ಕೊಡ್ತೇನೆ ಅಂದ್ರು. ಮಾವಂಗೆ ಮುಖ ಸಣ್ಣ ಆಯ್ತು. ನಲವತ್ತು ವರ್ಷ ಬಾಗಿಲು, ಕಿಟಕಿ, ದೇವರ ಮಂಟಪ ಮಾಡಿದ ಮನುಷ್ಯ, ಕೆಲಸ ಅರ್ಧಕ್ಕೆ ಬಿಟ್ಟ ಅಂತ ಅವರಿಗೆ ಯಾರೂ ಅಂದಿರಲಿಲ್ಲ.

ಆವತ್ತು ರಾತ್ರಿ ಮನೇಲಿ ಶುರುವಾದ ಜಗಳ ಇನ್ನೂ ಮುಗ್ದಿಲ್ಲ ಅಂತ್ಲೇ ಹೇಳ್ಬಹುದು. ಮಕ್ಕಳ ಸಾಮಾನು ಮಾಡೂವ್ರಿಗೆ ಮಾಡೂದು ಕಷ್ಟ ಅಲ್ಲ, ಎಲ್ಲಿ ನಿಲ್ಲಿಸ್ಬೇಕು ಅನ್ನೂದೇ ಕಷ್ಟ. ಇವತ್ತು ನಾನು ಹೇಳ್ಬೇಕು ಅಂತ ಬಂದಿದ್ದೂ ಅದೇ.

ಶುರುವಾಗಿದ್ದು ಹೇಗೆ ಅಂದ್ರೆ, ಮಾವ ಮಿಕ್ಕ ತುಂಡುಗಳಲ್ಲಿ ಮೊಮ್ಮಗಳಿಗೆ ಹಕ್ಕಿ ಕೆತ್ತಿ ಕೊಡ್ತಿದ್ರು. ಒಂದು ದಿನ ಪಾಲಿಶ್ ಹಾಕೂ ಮೊದಲೇ ಅವಳು ಅದನ್ನ ಎತ್ಕೊಂಡು ಹೋಗಿ ನನ್ನ ಕುಂಕುಮದ ಭರಣಿ ಪೂರಾ ಖಾಲಿ ಮಾಡಿದ್ಲು. ಪಾಲಿಶ್ ಆದ ಹಕ್ಕಿ ಇದ್ವಲ್ಲ, ಅವು ಶೋಕೇಸಲ್ಲೇ ಉಳಿದ್ವು, ಕುಂಕುಮದ ಹಕ್ಕಿ ಮಾತ್ರ ಹಾಸಿಗೆಗೆ, ಊಟಕ್ಕೆ, ಎಲ್ಲಾ ಕಡೆ ಅವಳ ಜೊತೆ. ಮೂರು ತಲೆದಿಂಬಿನ ಕವರ್ ಹಾಳಾಯ್ತು. ಐಡಿಯಾ ಅಲ್ಲಿಂದ ಬಂತು.

ಮರದ ವಿಷಯ ಸ್ವಲ್ಪ ಹೇಳ್ತೇನೆ, ಮಾವ ಇವತ್ತು ಇಲ್ಲಿಗೆ ಬಂದಿದ್ರೆ ಒಂದು ತಾಸು ಇದನ್ನೇ ಹೇಳ್ತಿದ್ರು. ಚನ್ನಪಟ್ಟಣದವ್ರದ್ದು ಆಲೆ ಮರ, ಅವರು ತಿರುಗಣಿ ಮೇಲೆ ಅರಗಿನ ಬಣ್ಣ ಹಿಡಿದು, ಆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿ, ಮೇಲಿಂದ ಕೇದಗೆ ಗರಿ ಹಿಡಿದು ಹೊಳಪು ಕೊಡ್ತಾರೆ, ಅದು ಬೇರೇನೇ ವಿದ್ಯೆ, ನಮಗೆ ಬರೂದಿಲ್ಲ. ನಮಗೆ ಬೇಕಾದ್ದು ಬಣ್ಣ ಕುಡಿಯೂ ಬಿಳಿ ಮರ. ಸಾಗವಾನಿಯಲ್ಲಿ ಎಣ್ಣೆ ಅಂಶ, ಮತ್ತೆ ಬಣ್ಣವೂ ಕಂದು, ಹಳದಿ ಹಚ್ಚಿದ್ರೆ ಕೆಸರಿನ ಹಾಗೆ ಕಾಣ್ತದೆ. ಅಕೇಶಿಯಾ ನಮ್ಮ ಜಿಲ್ಲೆ ತುಂಬ ಇದೆ, ಅದೂ ಕಪ್ಪು. ಕೊನೆಗೆ ಹಾಲೆ ಮರಕ್ಕೆ ಬಂದ್ವಿ, ಏಳೆಲೆ ಇರ್ತದಲ್ಲ, ಅದು. ಅದರ ಸಸ್ಯಶಾಸ್ತ್ರದ ಹೆಸರು ಆಲ್ಸ್ಟೋನಿಯಾ ಸ್ಕೊಲಾರಿಸ್, ಹಿಂದೆ ಶಾಲೆ ಮಕ್ಕಳ ಹಲಗೆ ಮಾಡ್ತಿದ್ದ ಮರ ಅಂತ್ಲೇ ಆ ಸ್ಕೊಲಾರಿಸ್ ಹೆಸರು ಬಂದದ್ದು. ಇಲ್ಲಿ ಕೂತ ಟೀಚರ್‌ಗಳಿಗೆ ಇದು ಖುಷಿ ಆಗ್ಬಹುದು ಅಂತ ಹೇಳ್ದೆ.

ಆದ್ರೆ ಹಾಲೆ ಮರಕ್ಕೆ ಒಂದು ದೊಡ್ಡ ರೋಗ. ಮಳೆಗಾಲದಲ್ಲಿ ಕೊಯ್ದು ಬೇಗ ಒಣಗಿಸ್ದೇ ಇದ್ರೆ ಒಳಗೇ ಬೂಸರು ಹಿಡಿದು ನೀಲಿ-ಕಪ್ಪು ಗೆರೆ ಬರ್ತದೆ. ನಮ್ಮ ಎರಡನೇ ವರ್ಷ ಜುಲೈ ತಿಂಗಳಲ್ಲಿ, ಮಗುಚಿ ನೋಡಿದ್ರೆ ಹಲಗೆ ಅಷ್ಟೂ ಇಂಕ್ ಚೆಲ್ಲಿದ ಹಾಗೆ. ಶಿರಸಿ ಮಳೆ ಅಂದ್ರೆ ನಿಮಗೆ ಹೇಳ್ಬೇಕಾ. ಈಗ ಚಳಿಗಾಲದಲ್ಲೇ ಕೊಯ್ಸಿ, ಹಲಗೆ ನಡುವೆ ಪಟ್ಟಿ ಇಟ್ಟು ಗಾಳಿ ಆಡೂ ಹಾಗೆ ಅಟ್ಟಿ ಹಾಕಿ, ಮಳೆ ಶುರುವಾಗೂ ಮೊದಲು ಅಡಿಕೆ ಅಟ್ಟದ ಮೇಲೆ ಏರಿಸ್ತೇವೆ, ಕೆಳಗೆ ಒಲೆ ಹೊಗೆ ತಾಗ್ತಾ ಇರ್ತದೆ. ಅತ್ತೆಗೆ ಅಡಿಕೆ ಇಡೂಕೆ ಜಾಗ ಇಲ್ಲ ಅಂತ ಸಿಟ್ಟು, ಅದು ನ್ಯಾಯವಾದ ಸಿಟ್ಟೇ.

ಇನ್ನು ಬಣ್ಣ. ಅದು ನನ್ನ ಡಿಪಾರ್ಟ್‌ಮೆಂಟು. ನನ್ನ ತವರು ಕುಮಟಾ, ಕೆಮಿಸ್ಟ್ರಿ ತಗೊಂಡು ಬಿಎಸ್ಸಿ ಮಾಡಿದ್ದೆ, ಮದುವೆ ಆದ್ಮೇಲೆ ಅದು ಉಪಯೋಗಕ್ಕೆ ಬಂದಿದ್ದು ಒಂದೇ ಒಂದು ಹಳದಿ ಡಬ್ಬದಿಂದ. ಲಾರಿ ಬಾಡಿ ಕಟ್ಟೂ ಒಬ್ಬರು ಮಾವಂಗೆ ಹಳೇ ಎನಾಮೆಲ್ ಪೇಂಟು ಕೊಟ್ಟಿದ್ರು, ಏನು ಹೊಳಪು ಅಂತೀರಿ, ಚೆಂಡು ಹೂವು ಸೋಲಬೇಕು. ನಾನು ಅದನ್ನ ಆಟಿಕೆಗೆ ಮುಟ್ಟಿಸೂದಿಲ್ಲ ಅಂದೆ. ಆ ಥರದ ಹಳೇ ಕ್ರೋಮ್ ಹಳದಿ ಅಂದ್ರೆ ಸೀಸದ ಕ್ರೋಮೇಟು, ಮಗು ಮೊದಲು ಮಾಡೂದೇ ಕಚ್ಚೂದು. ಮನೆಗೆ ಹೊಡಿಯೂ ಪೇಂಟಲ್ಲೇ ಸೀಸ 90 ಪಿಪಿಎಂಗಿಂತ ಜಾಸ್ತಿ ಇರ್ಬಾರ್ದು ಅಂತ 2017ರ ನವೆಂಬರ್ ಒಂದರಿಂದ ಕಾನೂನು ಜಾರಿ ಆಗಿದೆ, ಹತ್ತು ಲಕ್ಷ ಪಾಲಲ್ಲಿ ತೊಂಬತ್ತು ಪಾಲು. ಮಾವ ಎರಡು ದಿನ ಮಾತು ಬಿಟ್ರು. ಮೂರನೇ ದಿನ ಆ ಡಬ್ಬ ಗೇಟಿಗೆ ಹೊಡೆದ್ರು. ಈಗಲೂ ನಮ್ಮ ಗೇಟು ಲಾರಿ ಥರಾನೇ ಇದೆ, ವಿಳಾಸ ಹೇಳೂದು ಸುಲಭ.

ಹಾಗಾದ್ರೆ ಊರಲ್ಲಿರೂ ಬಣ್ಣವೇ ತಗೊಳ್ಳೂವ ಅಂತ ಹೊರಟೆ. ಅರಿಶಿನ, ಮುರುಗಲು, ಕೆಮ್ಮಣ್ಣು, ಅಡಿಕೆ ಬೇಯಿಸಿದ ಚೊಗರು. ಚೊಗರು ಬಟ್ಟೆಗೆ ತಾಗಿದ್ರೆ ಹೋಗೂದೇ ಇಲ್ಲ ಅಂತ ಸುಗ್ಗಿಯಲ್ಲಿ ಅಡಿಕೆ ಸುಲಿದವರಿಗೆಲ್ಲ ಗೊತ್ತು, ಮರಕ್ಕೂ ಹಾಗೇ ಕೂತ್ಕೊಂಡ್ತು, ಒಳ್ಳೇ ಕೆಂಗಂದು. ಮುರುಗಲು ಮೊದಲ ದಿನ ಗುಲಾಬಿ, ವಾರ ಬಿಟ್ಟು ನೋಡಿದ್ರೆ ಚಾ ಕಲೆ. ಅರಿಶಿನ ಇನ್ನೂ ಮೋಸ. ಒಂದು ಹಲಗೆಗೆ ಅರಿಶಿನ ಹಚ್ಚಿ ಅರ್ಧಕ್ಕೆ ರಟ್ಟು ಮುಚ್ಚಿ ಕಿಟಕಿಯಲ್ಲಿ ಇಟ್ಟೆ, ಹದಿನೈದು ದಿನ ಬಿಟ್ಟು ರಟ್ಟು ತೆಗೆದ್ರೆ ಮುಚ್ಚಿದ ಕಡೆ ಹಳದಿ, ಬಿಸಿಲು ಬಿದ್ದ ಕಡೆ ಬರೀ ಮರ. ಆದ್ರೂ ಅರಿಶಿನ ಬಿಡ್ಲಿಲ್ಲ, ಯಾಕಂದ್ರೆ ಅದಕ್ಕೆ ಒಂಚೂರು ಸುಣ್ಣದ ನೀರು ತಾಗಿದ್ರೆ ಕೆಂಪಾಗ್ತದಲ್ಲ, ಆರತಿ ತಟ್ಟೆ ನೀರಿನ ಹಾಗೆ, ಮಕ್ಕಳಿಗೆ ಅದೊಂದು ಮ್ಯಾಜಿಕ್ಕು. ಡಬ್ಬಿ ಮೇಲೆ ಬರೆದೇ ಬಿಟ್ಟಿದ್ದೇವೆ, ಈ ಹಳದಿ ಬಿಸಿಲಿಗೆ ಹೋಗ್ತದೆ, ಹೋದ್ರೆ ಮತ್ತೆ ಹಚ್ಚಿ ಅಂತ. ಉಳಿದ ಬಣ್ಣ ಟೆಸ್ಟ್ ರಿಪೋರ್ಟ್ ಇದ್ದದ್ದನ್ನೇ ಹೊರಗಿಂದ ತರಿಸ್ತೇವೆ. ಎಲ್ಲಾ ನೈಸರ್ಗಿಕ ಅಂತ ಸುಳ್ಳು ಹೇಳಿ ಮಾರೂದಿಲ್ಲ, ನೈಸರ್ಗಿಕ ಅಂದ ಮಾತ್ರಕ್ಕೆ ಎಲ್ಲವೂ ಒಳ್ಳೇದು ಅಂತಲೂ ಇಲ್ಲ, ವಿಷದ ಕಾಸರಕದ ಕಾಯಿಯೂ ನೈಸರ್ಗಿಕವೇ.

ಕ್ರೆಯಾನ್ ಕಥೆ ಚಿಕ್ಕದು. ಮೊದಲ ಲಾಟಲ್ಲಿ ಅಗ್ಗದ ಮೆದು ಮೇಣ ಹಾಕಿ ಏಪ್ರಿಲ್‌ನಲ್ಲಿ ಬಸ್ಸಿಗೆ ಪಾರ್ಸಲ್ ಹಾಕಿದ್ವಿ, ತಲುಪಿದಾಗ ನಾಕು ಕ್ರೆಯಾನ್ ಸೇರಿ ಒಂದೇ ಕ್ರೆಯಾನ್ ಆಗಿತ್ತು. ಜೇನುಮೇಣ ಕರಗೂಕೆ 62 ಡಿಗ್ರಿಯಾದ್ರೂ ಬೇಕು, ಈಗ ಅದನ್ನೇ ಜಾಸ್ತಿ ಹಾಕ್ತೇವೆ, ಜೇನು ಸಾಕೂವ್ರು ನಮ್ಮಲ್ಲಿ ಬೇಕಷ್ಟು ಇದ್ದಾರೆ.

ಮನೆಮಂದಿ ಸೇರಿ ಬಣ್ಣದ ಧಂದೆ ಮಾಡೂದು ಹೊಸತೇನಲ್ಲ. ಅಮೆರಿಕದಲ್ಲಿ ಬಿನ್ನಿ ಮತ್ತು ಸ್ಮಿತ್ ಅಂತ ಇಬ್ಬರು, ಅಣ್ಣ-ತಮ್ಮಂದಿರ ಮಕ್ಕಳ ಥರ ಕಸಿನ್ಸು, ಅವರು ಮೊದಲು ಮಾಡ್ತಿದ್ದದ್ದು ಕೊಟ್ಟಿಗೆಗೆ ಹೊಡಿಯೂ ಕೆಂಪು ಬಣ್ಣದ ಪುಡಿ, ಟೈರಿಗೆ ಹಾಕೂ ಕಾಡಿಗೆ. ಆಮೇಲೆ ಶಾಲೆಗೆ ಚಾಕ್‌ಪೀಸು, 1903ರಲ್ಲಿ ಕ್ರಯೋಲಾ, ಎಂಟು ಕ್ರೆಯಾನಿನ ಡಬ್ಬಿಗೆ ಐದು ಸೆಂಟು. ಆ ಹೆಸರು ಇಟ್ಟಿದ್ದು ಬಿನ್ನಿಯ ಹೆಂಡತಿ ಆಲಿಸ್, ಅವಳು ಟೀಚರ್ ಆಗಿದ್ದವಳು. ನಮ್ಮ ಮನೇಲಿ ಹೆಸರಿಡೂ ಮೀಟಿಂಗ್ ಆದಾಗ ಈ ಉದಾಹರಣೆ ನಾನು ಕೊಟ್ಟೆ, ಪ್ರಯೋಜನ ಆಗ್ಲಿಲ್ಲ, ಮಾವ ಮನೆದೇವರ ಹೆಸರೇ ಇಟ್ರು. ನಮ್ಮ ದೇಶದ ಕ್ಯಾಮ್ಲಿನ್ ಕೂಡ ಹಾಗೇ, 1931ರಲ್ಲಿ ಮುಂಬೈನಲ್ಲಿ ದಾಂಡೇಕರ್ ಅಣ್ಣ-ತಮ್ಮ ಶುರು ಮಾಡಿದ್ದು ಇಂಕಿನ ಪುಡಿಯಿಂದ. ನೀವೆಲ್ಲ ಒಂಟೆ ಚಿತ್ರದ ಡಬ್ಬಿ ಹಿಡ್ದೇ ಬೆಳೆದವ್ರು.

ಅಂಗಡಿಯವ್ರು ಹನ್ನೆರಡು ಬಣ್ಣ ಹಾಕಿ, ಇಲ್ದಿದ್ರೆ ಡಬ್ಬಿ ಬಡವಾಗಿ ಕಾಣ್ತದೆ ಅಂತಾರೆ. ನಾವು ಐದಕ್ಕೆ ನಿಲ್ಲಿಸಿದ್ದೇವೆ, ಕೆಂಪು, ಹಳದಿ, ನೀಲಿ, ಕಪ್ಪು, ಬಿಳಿ. ಈ ಧೈರ್ಯ ಕೊಟ್ಟಿದ್ದು ಸಿದ್ದಾಪುರ ಕಡೆ ನೋಡಿದ ಹಸೆ ಚಿತ್ತಾರ. ದೀವರ ಸಮುದಾಯದ ಹೆಂಗಸರು ಗೋಡೆ ಮೇಲೆ, ಭೂಮಿ ಹುಣ್ಣಿಮೆ ಬುಟ್ಟಿ ಮೇಲೆ ಬರೀತಾರಲ್ಲ, ಅದರಲ್ಲಿ ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಮುಗೀತು. ಕುಂಚ ಪುಂಡಿ ನಾರಿಂದು. ನಾಕೇ ಬಣ್ಣದಲ್ಲಿ ಒಂದು ಗೋಡೆ ತುಂಬ ಮದುವೆ ದಿಬ್ಬಣ ಬರ್ತದೆ. ಇನ್ನು ನಮ್ಮ ಮಾರಿಕಾಂಬಾ ಗುಡಿ ಗೋಡೆಯ ಕಾವಿ ಚಿತ್ರ ನೋಡಿ, ಸುಣ್ಣದ ಬಿಳಿ, ಕಾವಿಯ ಕೆಂಪು, ಎರಡೇ. ಹನ್ನೆರಡು ಬಣ್ಣ ಕೊಟ್ರೆ ಮಗು ಹಸಿರು ಎಲ್ಲಿ ಅಂತ ಹುಡುಕ್ತದೆ, ಐದು ಕೊಟ್ರೆ ಹಸಿರು ಮಾಡ್ತದೆ, ನಡುವೆ ಹತ್ತು ಸಲ ಸಗಣಿ ಬಣ್ಣ ಮಾಡಿ ನಿಮ್ಮ ನೆಲ ಕೊಳಕು ಮಾಡ್ತದೆ, ಅದಕ್ಕೆ ನಾನು ಜವಾಬ್ದಾರಿ ಅಲ್ಲ.

ಸರ್ಕಾರಿ ಕಾಗದದ ವಿಷಯ ಬೇಗ ಮುಗಿಸ್ತೇನೆ. 2021ರ ಜನವರಿ ಒಂದರಿಂದ 14 ವರ್ಷದ ಒಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಇಲಾಖೆಯಲ್ಲಿ ನೋಂದಣಿ ಆದ ಕುಶಲಕರ್ಮಿಗಳಿಗೆ ವಿನಾಯ್ತಿ ಇದೆ, ಮಾವನ ಹತ್ರ ಆ ಕಾರ್ಡಿದೆ. ಆದ್ರೂ ಸ್ಟ್ಯಾಂಡರ್ಡಲ್ಲಿ ಎಂತೆಂತ ಇದೆ ಅಂತ ಕೂತು ಓದಿದ್ವಿ. ಸೀಸ, ಕ್ಯಾಡ್ಮಿಯಂ, ಪಾದರಸ ಎಲ್ಲ ಸೇರಿ ಎಂಟು ಧಾತುಗಳಿಗೆ ಮಿತಿ ಇದೆ. ಇನ್ನೊಂದು ಕೊಳವೆ ಇದೆ, 31.7 ಮಿಲಿಮೀಟರ್ ಅಗಲದ್ದು, ಸುಮಾರಾಗಿ ಚಿಕ್ಕ ಮಗುವಿನ ಗಂಟಲು ಅಂತ ತಿಳ್ಕೊಳ್ಳಿ. ಮೂರು ವರ್ಷದ ಒಳಗಿನ ಮಕ್ಕಳ ಆಟಿಕೆಯ ಯಾವ ತುಂಡೂ ಅದರೊಳಗೆ ಪೂರ್ತಿ ಹೋಗ್ಬಾರ್ದು. ಮೈದುನ ಪೈಪಿನ ತುಂಡು ಕೊಯ್ದು ಅಳತೆ ಮಾಡಿ ತಂದ. ಮಾವನ ಪ್ರೀತಿಯ ತೇರಿನ ಗಾಲಿ ಕಿತ್ತು ಹಾಕಿದ್ವಿ, ಟಪ್ ಅಂತ ಒಳಗೆ ಬಿತ್ತು. ನಮ್ಮ ಡಬ್ಬಿ ಮೇಲೆ ಮೂರು ವರ್ಷ ಮೇಲ್ಪಟ್ಟವರಿಗೆ ಅಂತ ಇದೆ, ಕಾನೂನು ಪ್ರಕಾರ ತೊಂದ್ರೆ ಇಲ್ಲ, ಆದ್ರೆ ಅಕ್ಕನ ಆಟಿಕೆ ತಮ್ಮನ ಬಾಯಿಗೆ ಹೋಗೂದೇ ಅಲ್ವಾ. ಅಷ್ಟೂ ತೇರು ವಾಪಸ್ ಶೆಡ್ಡಿಗೆ ಬಂತು, ಗಾಲಿ ದೊಡ್ಡದಾಯ್ತು, ಮಾವ ಹೇಳೂ ಪ್ರಕಾರ ತೇರಿನ ಅಂದ ಹಾಳಾಯ್ತು. ತೆರಿಗೆ ಬಗ್ಗೆ ಕೇಳ್ಬೇಡಿ, 2025ರ ಸೆಪ್ಟೆಂಬರಲ್ಲಿ ಆಟಿಕೆ ಜಿಎಸ್‌ಟಿ 12ರಿಂದ 5ಕ್ಕೆ ಇಳೀತು, ಕ್ರೆಯಾನಿಗೆ ಸೊನ್ನೆ, ನಮ್ಮದು ಎರಡೂ ಒಂದೇ ಡಬ್ಬಿ, ನಮ್ಮ ಲೆಕ್ಕದವ್ರು ತಲೆ ಮೇಲೆ ಕೈ ಹೊತ್ತು ಕೂತಿದ್ರು.

ಆ ಜಗಳಕ್ಕೆ ವಾಪಸ್ ಬರ್ತೇನೆ. ಜಾತ್ರೆಯಲ್ಲಿ ಹಾಗಾದ್ಮೇಲೆ ಗಂಡ ಒಂದು ಉಪಾಯ ತೆಗೆದ್ರು, ಡಬ್ಬಿ ಮೇಲೆ ಬಣ್ಣ ಹಚ್ಚಿದ ಆಟಿಕೆಯ ಫೋಟೋ ಹಾಕೂವ, ಜನಕ್ಕೆ ಅರ್ಥ ಆಗ್ತದೆ ಅಂತ. ದೋಣಿಗೆ ನೀಲಿ ಮೈ, ಬಿಳಿ ಹಾಯಿ, ತುದಿಗೆ ಕೆಂಪು ಬಾವುಟ. ವ್ಯಾಪಾರ ಜೋರಾಯ್ತು, ಸುಳ್ಳು ಹೇಳೂದಿಲ್ಲ. ಆದ್ರೆ ಅಪ್ಪ-ಅಮ್ಮಂದಿರು ವಾಟ್ಸಾಪಲ್ಲಿ ಕಳ್ಸಿದ ಫೋಟೋ ನೋಡಿದ್ರೆ ನೂರಕ್ಕೆ ತೊಂಬತ್ತು ದೋಣಿ ನೀಲಿ ಮೈ, ಬಿಳಿ ಹಾಯಿ, ಕೆಂಪು ಬಾವುಟ. ಕೆಲವು ಎಷ್ಟು ನೀಟು ಅಂದ್ರೆ ಮಗು ಅದನ್ನ ಮುಟ್ಟಿದ್ದೇ ಡೌಟು.

ಅದೇ ಹೊತ್ತಿಗೆ ಕಾರವಾರದ ಒಂದು ಶಾಲೆಗೆ ಹೋಗಿದ್ವಿ, ಬೈತಖೋಲ್ ಬಂದರಿನ ಕಡೆ ಮೀನುಗಾರರ ಮಕ್ಕಳು ಜಾಸ್ತಿ. ಹೋಗೂ ಗಡಿಬಿಡಿಯಲ್ಲಿ ಡಬ್ಬಿ ಬಿಟ್ಟು ಬರೀ ದೋಣಿ ಗೋಣಿಚೀಲದಲ್ಲಿ ಹಾಕ್ಕೊಂಡು ಹೋಗಿದ್ವಿ, ಹಾಗಾಗಿ ಫೋಟೋ ಇಲ್ಲ. ಎರಡನೇ ಕ್ಲಾಸಿನ ಒಬ್ಬ ಹುಡುಗ ಮೊದಲು ಮಾಡಿದ್ದು ಹಾಯಿ ಕಿತ್ತಿದ್ದು. ನಾನು ಅಯ್ಯೋ ಮುರ್ದ ಅಂತ ಹತ್ರ ಹೋದೆ. "ಈಗ ಯಾರ ದೋಣಿಗೆ ಹಾಯಿ ಇದೆ, ಇಂಜಿನ್ ಅಲ್ವಾ" ಅಂದ. ಆಮೇಲೆ ದೋಣಿ ಕವುಚಿ ಹಾಕಿ ಅಡಿಗೆ ಕೆಂಪು ಬಳಿದ, ನೀರಿಗೆ ಮುಳುಗೂ ಅಷ್ಟು ಭಾಗ ಮಾತ್ರ, ಮೇಲಿನ ಅರ್ಧ ಬೇರೆ ಬಣ್ಣ, ನಡುವೆ ಒಂದು ಗೆರೆ, ಅದೂ ಕೈ ನಡುಗ್ದೇ. ಬದಿಗೆ ಕಪ್ಪಲ್ಲಿ ರಿಜಿಸ್ಟ್ರೇಷನ್ ನಂಬರ್ ಬರೆದ, ಅವನ ಅಪ್ಪ ಹೋಗೂ ಬೋಟಿಂದು, ಬಾಯಿಪಾಠ. ಶಿರಸಿಯಲ್ಲಿ ಘಟ್ಟದ ಮೇಲೆ ಕೂತು ದೋಣಿ ಕೆತ್ತಿದ ನಮಗೆ ದೋಣಿಯ ಅಡಿಗೆ ಬೇರೆ ಬಣ್ಣ ಇರ್ತದೆ ಅನ್ನೂದೇ ತಲೆಗೆ ಹೋಗಿರ್ಲಿಲ್ಲ.

ಮಾವ ಆ ದೋಣಿ ಕೈಯಲ್ಲಿ ಹಿಡ್ಕೊಂಡು ಸುಮಾರು ಹೊತ್ತು ನೋಡಿದ್ರು. ದೇವಿಮನೆ ಘಟ್ಟ ಹತ್ತಿ ಮನೆಗೆ ಬರೂವರೆಗೂ ಮಾತಾಡ್ಲಿಲ್ಲ. ಮರುದಿನ ಶೆಡ್ಡಿಗೆ ಹೋದ್ರೆ ಹಾಯಿಕಂಬದ ತೂತಿಗೆಲ್ಲ ಬಿರಡೆ ಹೊಡೀತಾ ಕೂತಿದ್ರು. ಡಬ್ಬಿ ಮೇಲಿನ ಫೋಟೋ ತೆಗೀರಿ ಅಂತ ಗಂಡನಿಗೆ ಹೇಳಿದ್ದೂ ಅವರೇ. ವ್ಯಾಪಾರ ಇಳೀತು, ಇಳಿದದ್ದು ಪೂರ್ತಿ ಇನ್ನೂ ಹತ್ತಿಲ್ಲ, ಗಂಡ ಈಗಲೂ ತಿಂಗಳ ಕೊನೆಗೆ ಲೆಕ್ಕ ನೋಡುವಾಗ ಆ ಫೋಟೋ ನೆನಪು ಮಾಡ್ತಾರೆ. ಅವರು ಹೇಳೂದ್ರಲ್ಲೂ ತಪ್ಪಿಲ್ಲ, ಶೆಡ್ಡಿನ ಸಾಲದ ಕಂತು ಅವರೇ ಕಟ್ಟೂದು.

ಸಮಯ ಆಯ್ತು ಅಂತ ಕೈ ತೋರಿಸ್ತಾ ಇದ್ದಾರೆ. ಹಿಂದಿನ ಟೇಬಲ್ ಮೇಲೆ ಇಪ್ಪತ್ತು ದೋಣಿ ಇಟ್ಟಿದ್ದೇನೆ, ಮಕ್ಕಳನ್ನ ಮೊದಲು ಬಿಡಿ, ದೊಡ್ಡವ್ರು ಆಮೇಲೆ. ಕುಂಚ ಎಂಟೇ ಇದೆ, ಹಂಚ್ಕೊಳ್ಳಿ. ಮತ್ತೆ ಅರಿಶಿನ ಚೆಲ್ಲಿದ್ರೆ ಗಾಬರಿಯಿಂದ ಸೀರೆಗೆ ಸೋಪು ಹಾಕ್ಬೇಡಿ, ಕೆಂಪಾಗ್ತದೆ. ಬಿಸಿಲಿಗೆ ಹಾಕಿ, ತನ್ನಷ್ಟಕ್ಕೇ ಹೋಗ್ತದೆ.