ನೀರು ಬಾರದ ಕಣಿವೆಯಲ್ಲಿ ನಾಲ್ಕು ದಿನ

ಪರದೆಯ ಮೇಲೆ ಕತ್ತಲೆಯೊಂದೇ ಕಾಣುತ್ತಿದೆ ಎಂದು ನಿಮ್ಮ ಫೋನನ್ನು ದೂರಬೇಡಿ. ಇದು ನವೆಂಬರ್ 3ರ ಬೆಳಗಿನ ಜಾವ, ಇನ್ನೂ ಐದು ಗಂಟೆಯಾಗಿಲ್ಲ. ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಮೂಲೆಯಲ್ಲಿರುವ ಕಿಕಪೂ ನದಿಯ ಕಣಿವೆಯಲ್ಲಿ, ಬಿಲ್ಲು ಹಿಡಿದು ಜಿಂಕೆ ಬೇಟೆಗೆಂದು ನಾನು ಗುಡ್ಡ ಹತ್ತುತ್ತಿದ್ದೇನೆ. ನಿಮಗೆ ಕೇಳಿಸುತ್ತಿರುವ ಸರಪರ ಸದ್ದು ಒಣಗಿದ ಓಕ್ ಎಲೆಗಳ ಮೇಲೆ ನನ್ನ ಬೂಟು ಮಾಡುತ್ತಿರುವುದು. ಆ ಸದ್ದು ನನಗೆ ಎಷ್ಟು ಜೋರಾಗಿ ಕೇಳುತ್ತಿತ್ತೋ, ಮೇಲಿನ ಇಳಿಜಾರಿನಲ್ಲಿ ಮಲಗಿದ್ದ ಜಿಂಕೆಗಳಿಗೆ ಅದಕ್ಕಿಂತ ಜೋರಾಗಿ ಕೇಳಿರಬೇಕು.

ನಾನು ವಾಸಿಸುವುದು ಪಕ್ಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೋದ ಹೊರವಲಯದಲ್ಲಿ. ಅಲ್ಲಿಂದ ಇಲ್ಲಿಗೆ ಬರುವಾಗ ಕೊನೆಯ ಅರ್ಧ ದಾರಿಯನ್ನು ನಾನು ಬೇಕೆಂದೇ 33ನೇ ಸಂಖ್ಯೆಯ ಹಳೆಯ ಹೆದ್ದಾರಿಯಲ್ಲಿ ಕ್ರಮಿಸುತ್ತೇನೆ. ಆ ರಸ್ತೆ ಕೊಲಂಬಿಯಾ ಮತ್ತು ಸಾಕ್ ಕೌಂಟಿಗಳನ್ನು, ಅಂದರೆ ನಮ್ಮ ಜಿಲ್ಲೆಗಳಂಥ ವಿಭಾಗಗಳನ್ನು, ಹಾದು ಬರುತ್ತದೆ. ಬಿಲ್ಲಿನಿಂದ ಜಿಂಕೆ ಬೇಟೆಯಾಡಲೆಂದೇ ಕಾನೂನು ಪ್ರಕಾರ ಪ್ರತ್ಯೇಕ ಋತುವೊಂದನ್ನು ಈ ರಾಜ್ಯ 1934ರಲ್ಲಿ ಮೊದಲ ಬಾರಿಗೆ ತೆರೆದದ್ದು ಆ ಎರಡು ಕೌಂಟಿಗಳಲ್ಲಿಯೇ. ದಾರಿಯಲ್ಲಿ ಅದನ್ನು ಹೇಳುವ ಫಲಕವನ್ನು ನಾನಂತೂ ಕಂಡಿಲ್ಲ. ಜೋಳದ ಹೊಲಗಳೂ ಹಾಲಿನ ಡೇರಿಗಳೂ ಧಾರಾಳವಾಗಿ ಕಾಣುತ್ತವೆ.

ಪರರಾಜ್ಯದವನಾಗಿ ಇಲ್ಲಿ ಬೇಟೆಗೆ ಬರಬೇಕಾದರೆ ಮೊದಲು ಕಾಗದಪತ್ರಗಳು. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ತೋರಿಸಬೇಕು. ಲೈಸೆನ್ಸಿಗೆ ಸ್ಥಳೀಯರಿಗಿಂತ ಹಲವು ಪಟ್ಟು ಹೆಚ್ಚು ಶುಲ್ಕ ಕೊಡಬೇಕು, ಅದು ನ್ಯಾಯವೇ ಎಂದು ನನಗನ್ನಿಸುತ್ತದೆ. ತೊಡಕಿರುವುದು ಹೆಣ್ಣು ಜಿಂಕೆಯ ಪರವಾನಗಿಯಲ್ಲಿ. ಅದನ್ನು ಪಡೆಯುವಾಗ ಯಾವ ಕೌಂಟಿ ಎಂಬುದರ ಜೊತೆಗೆ ಸಾರ್ವಜನಿಕ ಭೂಮಿಯೋ ಖಾಸಗಿ ಭೂಮಿಯೋ ಎಂಬುದನ್ನೂ ಆಗಲೇ ಆರಿಸಿಬಿಡಬೇಕು. ನಾನು ಮೊದಲ ಬಾರಿ ಬಂದ ವರ್ಷ ಅವಸರದಲ್ಲಿ ಖಾಸಗಿ ಭೂಮಿ ಎಂಬ ಗುಂಡಿಯನ್ನು ಒತ್ತಿದ್ದೆ. ಮೂರು ದಿನ ಮಂಜಿನಲ್ಲಿ ಕುಳಿತ ಮೇಲೆ ಹದಿನೈದು ಗಜದ ಅಂತರದಲ್ಲಿ ಹೆಣ್ಣೊಂದು ಬಂದು ನಿಂತಿತು. ನನ್ನ ಜೇಬಿನಲ್ಲಿದ್ದ ಕಾಗದ ಬೇಲಿಯ ಆಚೆಯ ಹೊಲಕ್ಕೆ ಮಾತ್ರ ಸಲ್ಲುವಂಥದ್ದಾಗಿತ್ತು. ಅದು ಸಾವಕಾಶವಾಗಿ ಮೇಯ್ದು ಹೋಯಿತು, ನಾನು ನೋಡುತ್ತ ಕುಳಿತೆ.

ಈ ಕಣಿವೆ ಸಾರ್ವಜನಿಕ ಭೂಮಿಯಾದದ್ದು ಹೇಗೆಂಬುದನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಪ್ರವಾಹ ತಡೆಯಲೆಂದು ಲಾಫಾರ್ಜ್ ಊರಿನ ಬಳಿ ಅಣೆಕಟ್ಟು ಕಟ್ಟಲು 1962ರಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟಿತು. ಸುಮಾರು 140 ರೈತ ಕುಟುಂಬಗಳ ಜಮೀನನ್ನು ಸೇನೆಯ ಎಂಜಿನಿಯರುಗಳ ದಳ ವಶಪಡಿಸಿಕೊಂಡಿತು. ಮನೆಗಳನ್ನೂ ಕೊಟ್ಟಿಗೆಗಳನ್ನೂ ತೆರವು ಮಾಡಿ, ಮಣ್ಣಿನ ಏರಿ ಬಹುಪಾಲು ಎದ್ದುನಿಂತ ಮೇಲೆ, ಏರುತ್ತಿದ್ದ ವೆಚ್ಚವೂ ಪರಿಸರದ ಆಕ್ಷೇಪಗಳೂ ಸೇರಿ 1975ರಲ್ಲಿ ಕೆಲಸ ನಿಂತುಹೋಯಿತು. ನೀರು ಹರಿಸಬೇಕಿದ್ದ ಕಾಂಕ್ರೀಟಿನ ಗೋಪುರ ಇಂದಿಗೂ ಅಲ್ಲಿ ಒಂಟಿಯಾಗಿ ನಿಂತಿದೆ, ನೀವು ಈಗ ನೋಡುತ್ತಿರುವುದು ಅದನ್ನೇ. ಕಾಲು ಶತಮಾನ ಕಳೆದು, 2000ದ ಕೊನೆಯ ಹೊತ್ತಿಗೆ, ಸುಮಾರು 8,600 ಎಕರೆಯ ಈ ಭೂಮಿ ವಿಸ್ಕಾನ್ಸಿನ್ ರಾಜ್ಯಕ್ಕೂ, ಈ ನೆಲದ ಮೂಲನಿವಾಸಿಗಳಾದ ಹೋ-ಚಂಕ್ ಜನಾಂಗದ ಹೆಸರಿಗೂ ಬಂದಿತು.

ನನ್ನ ಅಜ್ಜನ ಊರು ಸಾಗರ ತಾಲ್ಲೂಕಿನಲ್ಲಿತ್ತು. ಇತ್ತು ಎನ್ನಬೇಕು, ಏಕೆಂದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಅದು ಶರಾವತಿಯ ಹಿನ್ನೀರಿನ ಅಡಿಗೆ ಸೇರಿತು. ನಮ್ಮ ಮನೆಯಲ್ಲಿ ಇಂದಿಗೂ ಕಾಲವನ್ನು ಲೆಕ್ಕ ಹಾಕುವುದು ಮುಳುಗಡೆಗೆ ಮೊದಲು, ಮುಳುಗಡೆಯ ಮೇಲೆ ಎಂದೇ. ನಮ್ಮಲ್ಲಿ ಜನ ಮನೆ ಬಿಟ್ಟು ಹೋದರು, ನೀರು ಬಂತು. ಇಲ್ಲಿ ಜನ ಮನೆ ಬಿಟ್ಟು ಹೋದರು, ನೀರು ಬರಲೇ ಇಲ್ಲ. ನಕ್ಷೆಯಲ್ಲಿ ಕಿಕಪೂ ಎಂಬ ಹೆಸರನ್ನು ಹುಡುಕುತ್ತ ಈ ಕಥೆಯನ್ನು ಓದಿದ ದಿನವೇ ನಾನು ಬೇರೆ ಕಾಡುಗಳ ಯೋಚನೆ ಬಿಟ್ಟೆ.

ಮೊದಲ ದಿನದ ವಿಷಯವನ್ನು ಬೇಗ ಮುಗಿಸುತ್ತೇನೆ. ಉಪಗ್ರಹ ಚಿತ್ರವನ್ನು ತಿಂಗಳುಗಟ್ಟಲೆ ನೋಡಿ, ಎರಡು ಗುಡ್ಡಗಳ ನಡುವಿನ ತಗ್ಗೊಂದನ್ನು ಗುರುತು ಹಾಕಿಕೊಂಡಿದ್ದೆ. ಬೆಳಕು ಹರಿದಾಗ ನೋಡಿದರೆ ಆ ತಗ್ಗಿನ ಸುತ್ತ ನನ್ನಂತೆಯೇ ಲೆಕ್ಕ ಹಾಕಿದ ಇನ್ನೂ ಮೂವರು ಮರದ ಮೇಲಿದ್ದರು. ಸಾರ್ವಜನಿಕ ಭೂಮಿಯಲ್ಲಿ ಜಿಂಕೆಯ ಹೆಜ್ಜೆಗಿಂತ ಮನುಷ್ಯನ ಹೆಜ್ಜೆಯನ್ನು ಮೊದಲು ಓದಬೇಕು. ಜಿಂಕೆಗಳು ಮಾಡುವುದೂ ಅದನ್ನೇ. ವಾಹನ ನಿಲ್ಲಿಸುವ ಜಾಗದಿಂದ ಸುಲಭವಾಗಿ ನಡೆದು ತಲುಪಬಹುದಾದ ಒಳ್ಳೆಯ ತಾಣವೆಲ್ಲ ಅವಕ್ಕೂ ಗೊತ್ತು.

ಎರಡನೆಯ ದಿನ ನಾನು ಬಿಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ಬರೀ ನಡೆದೆ. ನೀವು ಕಾಣುತ್ತಿರುವ ಈ ಬಿಳಿಯ ಎಳೆ ಮಿಲ್ಕ್‌ವೀಡ್ ಎಂಬ ಗಿಡದ ಬೀಜದ ಹತ್ತಿ. ನಮ್ಮ ಎಕ್ಕದ ದಾಯಾದಿ ಗಿಡವಿದು, ಕಾಯಿ ಒಡೆದಾಗ ಹಾರುವ ಹತ್ತಿಯೂ ಹಾಗೆಯೇ ಇರುತ್ತದೆ. ಒಂದೊಂದೇ ಎಳೆಯನ್ನು ಬಿಟ್ಟು ಅದು ಹೋಗುವ ದಾರಿಯನ್ನು ನೋಡುತ್ತಿದ್ದರೆ ಗಾಳಿಯ ನಡೆ ಕಣ್ಣಿಗೆ ಕಾಣುತ್ತದೆ. ಗುಡ್ಡಗಾಡಿನಲ್ಲಿ ಹವಾಮಾನ ವರದಿಯ ಗಾಳಿ ಬೇರೆ, ನೆಲದ ಗಾಳಿ ಬೇರೆ. ಬೆಳಗಿನ ತಂಪಿನಲ್ಲಿ ಗಾಳಿ ನೀರಿನಂತೆ ಇಳಿಜಾರಿನಗುಂಟ ಕೆಳಕ್ಕೆ ಹರಿಯುತ್ತದೆ. ಬಿಸಿಲು ಬಿದ್ದ ಮೇಲೆ ಅದೇ ಗಾಳಿ ಮೇಲಕ್ಕೆ ಏರತೊಡಗುತ್ತದೆ. ಜಿಂಕೆಗಳು ಹಗಲು ಗಾಳಿಯ ಮರೆಯ ಇಳಿಜಾರಿನಲ್ಲಿ, ನೆತ್ತಿಗಿಂತ ತುಸು ಕೆಳಗೆ ಮಲಗಿ, ಹಿಂದಿನದನ್ನು ಮೂಗಿನಿಂದಲೂ ಮುಂದಿನದನ್ನು ಕಣ್ಣಿನಿಂದಲೂ ಕಾಯುತ್ತವೆ. ಬೆಳಗ್ಗೆ ಅವುಗಳ ಮೇಲ್ಗಡೆ ಕುಳಿತವನ ವಾಸನೆ ಅವು ಇರುವಲ್ಲಿಗೇ ಇಳಿದು ಬರುತ್ತದೆ. ಮೊದಲ ದಿನ ನಾನು ಕುಳಿತಿದ್ದುದು ಸರಿಯಾಗಿ ಅಲ್ಲಿ.

ಮಧ್ಯಾಹ್ನದ ಹೊತ್ತಿಗೆ ಯಾವ ಕಾಲುದಾರಿಯೂ ಇಲ್ಲದ ಮುಳ್ಳುಪೊದೆಯೊಂದನ್ನು ದಾಟಿದಾಗ ಕಲ್ಲಿನ ಅಡಿಪಾಯವೊಂದು ಕಾಲಿಗೆ ಸಿಕ್ಕಿತು. ಪಾಚಿ ಹಿಡಿದ ನಾಲ್ಕು ಮೂಲೆ, ನಡುವೆ ಬೆಳೆದ ಮರ, ಹಿತ್ತಿಲಿದ್ದಿರಬಹುದಾದ ಕಡೆ ಮೂರು ಮುದಿ ಸೇಬಿನ ಮರಗಳು. ಯಾರೋ ನೆಟ್ಟು, ನೀರು ಹಾಕಿ, ಬಿಟ್ಟುಹೋದ ಮರಗಳು. ಅವುಗಳ ಕೆಳಗೆ ಕೊಳೆತ ಹಣ್ಣು, ಹಣ್ಣಿನ ನಡುವೆ ಹೊಸ ಹಿಕ್ಕೆ. ಅಂಚಿನ ಎಳೆಯ ಮರದಲ್ಲಿ ಗಂಡು ಜಿಂಕೆ ಕೊಂಬು ಉಜ್ಜಿ ತೊಗಟೆ ಸುಲಿದ ಗುರುತು, ಅದರಿಂದ ಒಸರುತ್ತಿದ್ದ ರಸ ಇನ್ನೂ ಒಣಗಿರಲಿಲ್ಲ. ಹಗಲು ಕುಗ್ಗುತ್ತ ಬಂದಂತೆ ಈ ಪ್ರಾಣಿಗಳಿಗೆ ಬೆದೆ ಬರುತ್ತದೆ, ಈ ಸೀಮೆಯಲ್ಲಿ ಅದು ಏರುವುದು ನವೆಂಬರಿನ ಮೊದಲ ಹದಿನೈದು ದಿನಗಳಲ್ಲಿ. ಕ್ಯಾಮೆರಾವನ್ನು ನಾನು ಆ ಅಡಿಪಾಯದ ಕಡೆಗೆ ಬಹಳ ಹೊತ್ತು ತಿರುಗಿಸಲಿಲ್ಲ. ಯಾರದೋ ಅಡುಗೆಮನೆ ಅದು.

ಮಲೆನಾಡಿನಲ್ಲಿ ಮರದ ಮೇಲೆ ಅಡಗಿ ಕುಳಿತು ಮಿಗಕ್ಕೆ ಕಾಯುವುದನ್ನು ಮರಸು ಎನ್ನುತ್ತಾರೆ. ಹಣ್ಣು ಬಿಟ್ಟ ಮರದ ಬಳಿ ಅಜ್ಜ ಕೇಪಿನ ಕೋವಿ ಹಿಡಿದು ಮರಸಿಗೆ ಕೂರುತ್ತಿದ್ದ ಕಥೆಗಳನ್ನು ಕೇಳಿ ಬೆಳೆದವನು ನಾನು. ಆದರೆ ಅದನ್ನು ನೋಡಿದವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅಪರಾಧವಾಯಿತು, ಆಗಬೇಕಾದದ್ದೂ ಅದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ವಿಚಿತ್ರವೆಂದರೆ, ಬಿಲ್ಲುಬಾಣಗಳ ಮಾರಾಟದ ಮೇಲಿನ ತೆರಿಗೆಯನ್ನು ವನ್ಯಜೀವಿ ಸಂರಕ್ಷಣೆಯ ನಿಧಿಗೆ ಸೇರಿಸುವ ಕಾನೂನನ್ನು ಅಮೆರಿಕ ಮಾಡಿದ್ದೂ ಅದೇ 1972ರಲ್ಲಿ.

ಮೂರನೆಯ ದಿನ ಕತ್ತಲಿರುವಾಗಲೇ ಸೇಬಿನ ಮರಗಳ ಕೆಳಬದಿಯ ಓಕ್ ಮರವೊಂದನ್ನು ಏರಿದೆ. ನಾನು ಬಳಸುವುದು ಸ್ಯಾಡಲ್, ಅಂದರೆ ಸೊಂಟಕ್ಕೂ ತೊಡೆಗೂ ಸುತ್ತುವ ಪಟ್ಟಿ. ಮರಕ್ಕೆ ಕಟ್ಟಿದ ಹಗ್ಗಕ್ಕೆ ಒರಗಿ ತೂಗುತ್ತ ಕೂರುವುದು. ಹತ್ತುವಾಗಲೂ ಇಳಿಯುವಾಗಲೂ ಒಂದು ಹಗ್ಗ ಮರವನ್ನು ಬಳಸಿರಲೇಬೇಕು. ಎಂಟೂವರೆಗೆ ಗಂಡು ಬಂತು. ಎಂಟು ಕವಲಿನ ಕೊಂಬು, ಊದಿದ ಕತ್ತು, ನೆಲಕ್ಕೆ ಹಿಡಿದ ಮೂಗು. ಅದು ನಿಂತದ್ದು 34 ಗಜ ದೂರದಲ್ಲಿ. ನಾನು ನನಗೆ ಹಾಕಿಕೊಂಡಿರುವ ಗಡಿ 25 ಗಜ. ಗುರಿಪಲಕದ ಮೇಲೆ 34 ಗಜಕ್ಕೆ ಬಾಣ ಹೊಡೆಯುವುದು ನನಗೆ ಕಷ್ಟವಲ್ಲ, ಆದರೆ ಗುರಿಪಲಕಕ್ಕೆ ಕಿವಿಯಿಲ್ಲ. ನನ್ನ ಬಾಣದ ವೇಗ ಸೆಕೆಂಡಿಗೆ ಸುಮಾರು 270 ಅಡಿ, ಸದ್ದಿನ ವೇಗ ಸುಮಾರು 1,100 ಅಡಿ. ಹೆದೆಯ ಸದ್ದು ಕೇಳಿದ ಜಿಂಕೆ ಓಡಲೆಂದು ಕಾಲು ಮಡಚಿ ಕುಸಿಯುತ್ತದೆ, ಬಾಣ ತಲುಪುವಷ್ಟರಲ್ಲಿ ಶ್ವಾಸಕೋಶವಿದ್ದ ಜಾಗದಲ್ಲಿ ಬೆನ್ನಿರುತ್ತದೆ. ಗಾಯಗೊಂಡು ಓಡಿದ್ದನ್ನು ಹುಡುಕುತ್ತ ರಾತ್ರಿ ಕಳೆಯುವುದಕ್ಕಿಂತ ಅದರ ಬಾಲದ ಬಿಳುಪನ್ನು ನೋಡುತ್ತ ಕೂರುವುದೇ ಮೇಲೆಂದು ನಾನು ಬಿಲ್ಲನ್ನು ಎಳೆಯಲೇ ಇಲ್ಲ. ಇದನ್ನು ಹೇಳುವಾಗ ಇರುವ ನೆಮ್ಮದಿ ಆಗ ಇರಲಿಲ್ಲ. ದಿನವಿಡೀ ನನ್ನನ್ನೇ ಬೈದುಕೊಂಡೆ.

ನವೆಂಬರ್ 6ರ ಸಂಜೆ, ಸೂರ್ಯ ಗುಡ್ಡದ ಹಿಂದೆ ಸರಿಯುತ್ತಿದ್ದಾಗ, ಒಂಟಿ ಹೆಣ್ಣೊಂದು ಅಡಿಪಾಯದ ಕಲ್ಲುಗಳನ್ನು ದಾಟಿ ಹಣ್ಣಿಗೆ ಬಂತು. ಜೊತೆಗೆ ಮರಿ ಇದೆಯೇ ಎಂದು ಬಹಳ ಹೊತ್ತು ಕಾದೆ, ಇರಲಿಲ್ಲ. ಜೇಬಿನ ಕಾಗದ ಈ ಸಲ ಸರಿಯಾದದ್ದೇ. ಹದಿನೆಂಟು ಗಜ, ಪಕ್ಕೆ ಪೂರ್ತಿ ಕಾಣುವಂತೆ ನಿಂತಿತ್ತು. ಆ ಕ್ಷಣವನ್ನು ನಾನು ಚಿತ್ರೀಕರಿಸಿದ್ದೇನೆ, ತೋರಿಸುವುದಿಲ್ಲ. ಬಾಣದ ಮೇಲೆ ನೊರೆಗೂಡಿದ ತಿಳಿಗೆಂಪು ರಕ್ತವಿತ್ತು, ಅದು ಶ್ವಾಸಕೋಶದ ಗುರುತು. ಆದರೂ ಅರ್ಧ ಗಂಟೆ ಕಾದು ಇಳಿದೆ. ಅದು ಅರವತ್ತು ಹೆಜ್ಜೆಯ ಆಚೆ, ಹಳೆಯ ಬೇಲಿಯ ತಂತಿಯ ಪಕ್ಕದಲ್ಲಿ ಬಿದ್ದಿತ್ತು. ಕುತ್ತಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕುಳಿತೆ. ಪ್ಲಾಸ್ಟಿಕ್ಕಿನ ಜಾರುಬಂಡಿಯಲ್ಲಿ ಅದನ್ನು ರಸ್ತೆಗೆ ಎಳೆದು ತರಲು ಮೂರು ಗಂಟೆ ಹಿಡಿಯಿತು. ಕಾಲುದಾರಿಯಿಲ್ಲದ ಜಾಗವನ್ನು ಹುಡುಕಿದ ಜಾಣತನಕ್ಕೆ ತೆತ್ತ ಸುಂಕ ಅದು.

ಮರುದಿನ ಸಂಜೆ ಐದರೊಳಗೆ ನೋಂದಣಿ ಮಾಡಬೇಕೆಂಬ ನಿಯಮವಿದೆ, ಅದನ್ನು ಫೋನಿನಲ್ಲಿ ಅಂದು ರಾತ್ರಿಯೇ ಮುಗಿಸಿದೆ. ತಲೆಯನ್ನು ಪರೀಕ್ಷೆಗೆಂದು ಇಟ್ಟಿರುವ ಪೆಟ್ಟಿಗೆಗೆ ಹಾಕಿದೆ. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನಿನಿಂದ ಜಿಂಕೆಗಳ ಮಿದುಳು ಸವೆಯುವ ಕಾಯಿಲೆಯೊಂದು ಈ ರಾಜ್ಯದಲ್ಲಿ 2002ರಲ್ಲಿ ಪತ್ತೆಯಾಯಿತು, ಅಂದಿನಿಂದ ಹಬ್ಬುತ್ತಲೇ ಇದೆ. ಮನುಷ್ಯನಿಗೆ ತಗುಲಿದ ಪ್ರಕರಣ ಸಾಬೀತಾಗಿಲ್ಲ, ಆದರೂ ಸೋಂಕಿತ ಪ್ರಾಣಿಯ ಮಾಂಸ ತಿನ್ನಬಾರದೆಂಬುದು ಆರೋಗ್ಯ ಇಲಾಖೆಗಳ ಸಲಹೆ. ಮಿದುಳು, ಬೆನ್ನುಹುರಿಗಳು ರಾಜ್ಯದ ಗಡಿ ದಾಟಿದರೆ ಕಾಯಿಲೆಯೂ ದಾಟೀತೆಂಬ ಕಾರಣಕ್ಕೆ ನಾನು ಮೂಳೆ ಬಿಡಿಸಿದ ಮಾಂಸವನ್ನಷ್ಟೇ ಐಸಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಮನೆಗೆ ಹೊರಟೆ.

ಈ ನಿರೂಪಣೆಯನ್ನು ನಾನು ದಾಖಲಿಸುತ್ತಿರುವ ಹೊತ್ತಿಗೆ ಫಲಿತಾಂಶ ಬಂದಿಲ್ಲ. ಮಾಂಸ ಫ್ರೀಜರಿನಲ್ಲಿದೆ. ಸಾಗರದಿಂದ ಅಮ್ಮ ಕಳಿಸಿದ ಕಾಳುಮೆಣಸಿನ ಡಬ್ಬಿಯ ಮುಚ್ಚಳವನ್ನೂ ನಾನು ಇನ್ನೂ ತೆರೆದಿಲ್ಲ.